ಶಂಕ್ರೆವ್ವನ ಒಡ್ಡು

ಒಡ್ಡಿನ ಕೆಳಗೆ ಬಂದ ಶಂಕ್ರೆವ್ವ ಎಂದಿನಂತೆ ಗಕ್ಕನೆ ನಿಂತಳು. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಸರ್ಕಾರ ಅವಳ ಹೊಲದ ನಡುವೆ ಈ ಮಣ್ಣಿನ ಒಡ್ಡು ಹಾಕಿಸಿ, ಅವಳಿಗೆ ರೊಕ್ಕವನ್ನೂ ಕೊಟ್ಟಿತ್ತು. ಅದು ಜಾಗದ ಬೆಲೆಯೆಂದೇ ತಿಳಿದು, ಹೆಬ್ಬೆಟ್ಟು ಒತ್ತಿ ರೊಕ್ಕ ಪಡೆದ ದಿನದಿಂದ ಅವಳು ಒಡ್ಡನ್ನು ತುಳಿದಿರಲಿಲ್ಲ. ಆಚೆ ಹೋಗಬೇಕಾದರೆ ಹಳ್ಳದವರೆಗೆ ಸುತ್ತು ಹಾಕುತ್ತಿದ್ದಳು.

"ಮ್ಯಾಲ ಬರ್ರಿ ಅವ್ವಾ," ಒಡ್ಡಿನ ಮೇಲಿಂದ ಭೂಸಂರಕ್ಷಣಾ ಇಲಾಖೆಯ ಭೀಮಶ್ಯಾ ಕರೆದ. ಒಡ್ಡು ಹಾಕಿದ ಮೇಲೆ ನಿನ್ನೆ ಬಿದ್ದ ಮೊದಲ ದೊಡ್ಡ ಮಳೆಗೆ ಅದು ತಡೆದಿದೆಯೋ ಇಲ್ಲವೋ ನೋಡಲು ಸಿಂದಗಿಯಿಂದ ಬಂದಿದ್ದ.

"ಮಾರಿದ ಜಾಗಾ ಹೆಂಗ ತುಳೀಲ್ರಿ?"

"ಮಾರೀರಿ ಅಂತ ಯಾರ ಹೇಳಿದ್ರು? ಒಡ್ಡೂ ನಿಮ್ದ, ಹೊಲಾನೂ ನಿಮ್ದ. ಮಣ್ಣು ಹರದು ಹೋಗಬಾರದಂತ ಕೊಟ್ಟ ರೊಕ್ಕಾ ಅದು."

"ನನ್ನ ಮಣ್ಣು ನನ್ನ ಹತ್ರಾನ ಇರಲಿ ಅಂತ, ನನಗ ರೊಕ್ಕಾ?"

"ಹೌದ್ರಿ."

ಶಂಕ್ರೆವ್ವ ಚಪ್ಪಲಿ ಬಿಟ್ಟು ಹತ್ತಿದಳು. ಅವಳು ಮದುವೆಯಾಗಿ ಬಂದಾಗಿನಿಂದ ಪ್ರತಿ ಮಳೆಗೂ ಹೊಲದ ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತಿದ್ದ ನೀರು, ಇವತ್ತು ಒಡ್ಡಿಗೆ ಮೈಯೊರಗಿಸಿ ಅಲುಗದೆ ನಿಂತಿತ್ತು. ಕುಕ್ಕರಗಾಲಲ್ಲಿ ಕೂತು ನೀರಿಗೆ ಮೊಣಕೈವರೆಗೆ ಕೈಯಿಳಿಸಿದಳು. ತಳದಲ್ಲಿ ಬೆಣ್ಣೆಯಂಥ ಮಣ್ಣು ಬೆರಳಿಗೆ ಸಿಕ್ಕಿತು. ಭೀಮಶ್ಯಾ ಏನೋ ಹೇಳಲು ಬಾಯಿ ತೆರೆದ.

"ಮೆಲ್ಲಕ ಮಾತಾಡ್ರಿ ಸಾಹೇಬ್ರ," ಎಂದು ಪಿಸುಗುಟ್ಟಿದಳು. "ಈಗಷ್ಟ ನಿಂತೈತಿ."