ಅವರ ಊರು, ನಮ್ಮ ಓಣಿ

ಒಲೆಯ ಮೇಲೆ ಬೇಳೆ ಬೇಯುತ್ತಿದೆ... ಅಷ್ಟರಲ್ಲಿ ಒಂದು ಮಾತು ಹೇಳಿಬಿಡುತ್ತೇನೆ.

ನನ್ನ ಮಗಳು ವಚನಾ ಮಿಲಿಟರಿ ಶಾಲೆಯ ಪ್ರವೇಶ ಪರೀಕ್ಷೆ ಬರೆದಿದ್ದಳು. ಅಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಸೀಟು.

ನಮ್ಮ ರಾಜ್ಯದಿಂದ ಬರೆದ ಮಕ್ಕಳು ಸಾವಿರಾರು... ವಚನಾಳಿಗೆ 241 ಅಂಕ ಬಂತು. ಐದೇ ಅಂಕದಲ್ಲಿ ಸೀಟು ತಪ್ಪಿತು.

ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದ, ಅತ್ತಿಗೆಯಂತೆ ನಾನು ‘ವೈನಿ’ ಎಂದು ಕರೆಯುವ ಗಿರಿಜಾ ಅವರ ಮಗಳಿಗೆ ಬಂದದ್ದು 203. ಅವಳಿಗೆ ಸೀಟು ಸಿಕ್ಕಿತು!

ಹೇಗೆ ಅಂತೀರಾ? ಹೋದ ವರ್ಷ ಅವಳ ಅಪ್ಪನಿಗೆ ಗುಡ್ಡಗಾಡಿನ ಪುಟ್ಟ ರಾಜ್ಯವೊಂದಕ್ಕೆ ವರ್ಗವಾಗಿತ್ತು. ಅಲ್ಲಿ ಪರೀಕ್ಷೆ ಬರೆದವರೇ ಬೆರಳೆಣಿಕೆಯಷ್ಟು...

ರಜೆಗೆ ವಿಜಯಪುರಕ್ಕೆ ಬಂದ ವೈನಿ ಪೇಡೆ ಹಿಡಿದುಕೊಂಡು ಮನೆಗೆ ಬಂದರು.

“ತಗೋರಿ, ಬಾಯಿ ಸಿಹಿ ಮಾಡ್ಕೋರಿ.”

“ಇವತ್ತು ನನಗ ಉಪವಾಸ ರೀ,” ಎಂದು ಸುಳ್ಳು ಹೇಳಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. “ನಿಮ್ದು ಬಿಡ್ರಿ... ಊರು ಬದಲಾತು, ಹಣೇಬರಾನೂ ಬದಲಾತು!”

ವೈನಿಯ ಮುಖ ಸಣ್ಣದಾಯಿತು. “ನನ್ನ ಮಗಳೂ ಓದ್ಯಾಳ್ರೀ...” ಎಂದಷ್ಟೇ ಹೇಳಿ ಹೋದರು.

ಇಡೀ ದಿನ ಅದೇ ಉರಿ. ರೊಟ್ಟಿ ಬಡಿಯುವಾಗಲೂ 203... 203... ಎಂದೇ ಬಡಿದೆ.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ತಾಯಿ, ಜೊತೆಗೆ ಮಗಳು. ಹೆಸರು ಸೋನಾಬಾಯಿ. ದೂರದ ತಾಂಡಾದಿಂದ ಎರಡು ಬಸ್ ಬದಲಿಸಿ ಬಂದಿದ್ದರು.

“ಇಲ್ಲೇ ಎದುರಿನ ಕೋಚಿಂಗ್ ಸರ್ ಕಳಿಸ್ಯಾರ್ರಿ ಯಕ್ಕಾ. ನಿಮ್ಮ ಮಗಳ ನೋಟ್ಸ್ ಒಂದೆರಡು ದಿನ ಕೊಡ್ತೀರೇನು? ಇಕಿ ಬರೂ ವರ್ಷ ಮತ್ತ ಬರೀತಾಳ.”

“ಈ ಸಲ ಎಷ್ಟು ಬಿದ್ದಿದ್ವು?”

“ಎರಡ್ನೂರಾ ಮೂವತ್ತೆಂಟ್ರೀ.”

ನನ್ನ ಮಗಳಿಗಿಂತ ಮೂರೇ ಕಡಿಮೆ! “ಯಾವ ಕೋಚಿಂಗಿಗೆ ಹೋಗಿದ್ಲು?”

ಸೋನಾಬಾಯಿ ನಕ್ಕಳು. “ತಾಂಡಾದಾಗ ಎಲ್ಲೀ ಕೋಚಿಂಗ್ ರೀ? ಯಾರರ ಕೊಟ್ಟ ಜೆರಾಕ್ಸ್ ಓದಿ ಬರದಾಳ. ನಿಮ್ಮ ಮನಿ ಮುಂದಽ ಕ್ಲಾಸ್ ಐತಿ... ಈ ಓಣ್ಯಾಗ ಒಂದ್ ವರ್ಷ ಇದ್ದಿದ್ರ ನನ್ನ ಮಗಳೂ...”

ಆಕೆಯ ಕಣ್ಣು ವಚನಾಳ ಮೇಜಿನ ಮೇಲೆ, ಪುಸ್ತಕಗಳ ಮೇಲೆ ಹರಿದಾಡಿತು...

ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆ ನಾನು ವೈನಿಯನ್ನು ನೋಡಿದ್ದು ಹಾಗೆಯೇ!

ನಾನೂ ಒಬ್ಬರ ಕಣ್ಣಿಗೆ ‘ಊರು ಚೆನ್ನಾಗಿ ಸಿಕ್ಕವಳು’ ಆಗಿದ್ದೆ... ಅದು ನನಗೆ ತಿಳಿದೇ ಇರಲಿಲ್ಲ.

ವಚನಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. “ಅವ್ವಾ, ಪರೀಕ್ಷಾ ಮುಗಿಯೂ ಮಟಾ ಆಕಿ ನಮ್ಮನ್ಯಾಗ ಇರ್ಲಿ? ನಾನೂ ಮತ್ತ ಬರೀತೀನಲ್ಲ, ಇಬ್ರೂ ಕೂಡೇ ಕ್ಲಾಸಿಗೆ ಹೋಗ್ತೀವಿ.”

“ಹುಚ್ಚೀ! ಇಬ್ರೂ ಇದಽ ರಾಜ್ಯದವ್ರು. ಆಕಿಗೆ ಸಿಕ್ಕು ನಿನಗ ತಪ್ಪಿದ್ರ?”

“ತಪ್ಪಲಿ ಬಿಡು. ಆಗ ನೀ ಊರಿನ ಮ್ಯಾಲ ಸಿಟ್ಟು ಮಾಡಾಕ ಬರಂಗಿಲ್ಲ... ಇಬ್ರೂ ಒಂದಽ ಓಣಿಯವ್ರು!”

ನಗು ಬಂತು... ಅದರ ಹಿಂದೆಯೇ ಕಣ್ಣೀರು. ಒಳಗಿನ ಉರಿ ಪೂರ್ತಿ ಆರಿತ್ತು ಎಂದರೆ ಸುಳ್ಳಾಗುತ್ತದೆ. ಆದರೂ ಹೊರಗೆ ಬಂದು ಆ ಹುಡುಗಿಯ ಕೈ ಹಿಡಿದೆ.

“ಪಾಟಿಚೀಲಾ ತಗೊಂಡು ಸೋಮವಾರ ಬಂದ್‌ಬಿಡವ್ವಾ. ಇಲ್ಲೇ ಇದ್ದು ಓದು.”

ಸೋನಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಬಳಿಯೇ ಕುಳಿತುಬಿಟ್ಟಳು...

ಯಾರು ಎಷ್ಟು ಅಂಕ ಪಡೆದರು ಎಂದು ಕೇಳುವ ಮೊದಲು, ಎಲ್ಲಿಂದ ಬಂದು ಪಡೆದರು ಎಂದು ಕೇಳೋಣ.

ನಿಮ್ಮ ಮನೆಯ ವಿಳಾಸ ನೋಡಿ ‘ಅಲ್ಲಿ ನಾನಿದ್ದಿದ್ದರೆ’ ಎಂದು ನಿಟ್ಟುಸಿರು ಬಿಡುವವರು ಯಾರು... ಎಂದಾದರೂ ಯೋಚಿಸಿದ್ದೀರಾ?