ಪಾಲಿಗೆ ಬಂದ ಗೊಡ್ಡು

ಗಂಡ ಸತ್ತ ತಿಂಗಳಿಗೇ ಮೈದುನ ಸೂರಯ್ಯ ಮನೆ ಪಾಲು ಮಾಡಿದ. ಎಳೆಗರುಗಳಿದ್ದ ಆರು ಹಸುಗಳನ್ನು ತಾನಿಟ್ಟುಕೊಂಡು, ಕರು ಹಾಕಿ ಒಂಬತ್ತು ತಿಂಗಳಾದರೂ ಬೆದೆಗೆ ಬಾರದ ಒಂದು ಹಸುವನ್ನು ಕರುವಿನ ಸಮೇತ ಅತ್ತಿಗೆ ಮಾರಕ್ಕನ ಮುಂದೆ ಕಟ್ಟಿದ.

"ಮಕ್ಕಳಿಲ್ಲದವಳಿಗೆ ಗೊಡ್ಡು ಹಸುವೇ ಸರಿಜೋಡಿ," ಎಂದು ಹತ್ತು ಜನರೆದುರು ನಕ್ಕ.

ಮಾರಕ್ಕ ದನದ ಡಾಕ್ಟರ ಬಳಿಗೆ ಹೋದಳು.

"ಕರು ಸದಾ ಮೊಲೆ ಚೀಪ್ತಿದ್ರೆ ಹಸು ಬೆದೆಗೆ ಬರೋದು ತಡ ಆಗುತ್ತಮ್ಮ. ಕರುವನ್ನ ದೂರ ಕಟ್ಟಿ, ದಿನಕ್ಕೆ ಎರಡೇ ಸಲ ಬಿಡಿ. ಹಸುವಿಗೆ ಚೆನ್ನಾಗಿ ಹಿಂಡಿ ಹಾಕಿ," ಎಂದರು ಅವರು.

ತಿಂಗಳೊಳಗೆ ಹಸು ಬೆದೆಗೆ ಬಂದು ಗಬ್ಬವಾಯಿತು.

ಸುದ್ದಿ ತಿಳಿದ ಸೂರಯ್ಯ ಕೊಟ್ಟಿಗೆ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ನನ್ನ ಆರರಲ್ಲಿ ಒಂದೂ ಬೆದೆಗೆ ಬರ್ತಿಲ್ಲ. ನೀನೇನು ಮಾಡ್ದೆ?"

"ಕರುಗಳನ್ನ ತಾಯಿಯಿಂದ ಅಗಲಿಸಬೇಡಪ್ಪ," ಎಂದಳು ಮಾರಕ್ಕ ಅಕ್ಕರೆಯಿಂದ. "ಹಗಲೂ ರಾತ್ರಿ ಬೇಕಾದಷ್ಟು ಕುಡೀಲಿ. ತಾಯಿ ಕರುಳು ತಣ್ಣಗಾದ್ರೆ ತಾನೇ ಬೆದೆಗೆ ಬರುತ್ತೆ."

ಅವನು ಹಾಗೇ ಮಾಡಿದ. ತಿಂಗಳುಗಟ್ಟಲೆ ಕಾದು ಬೇಸತ್ತು, ಆರನ್ನೂ ಗೊಡ್ಡೆಂದು ದಲ್ಲಾಳಿಗೆ ಅಗ್ಗಕ್ಕೆ ಮಾರಿದ.

ದಲ್ಲಾಳಿ ಅವನ್ನು ನೇರವಾಗಿ ಹೊಡೆದುಕೊಂಡು ಹೋಗಿ ಕಟ್ಟಿದ್ದು ಮಾರಕ್ಕನ ಕೊಟ್ಟಿಗೆಯಲ್ಲಿ.