ಬೆಳಗಿನ ಬೇಡಿಕೆ

ನನ್ನ ಮಗನಿಗೆ ನಲವತ್ತು ತುಂಬಿದೆ. ಬುದ್ಧಿ ಮಾತ್ರ ಮೂರು ವರ್ಷದ ಮಗುವಿನದು. ತಾಯಿಯಿಲ್ಲ. ನನ್ನ ನಂತರ ಅವನನ್ನು ನೋಡಿಕೊಳ್ಳಲು ನನ್ನ ತಂಗಿ ಒಪ್ಪಿದಳು. ಅವಳನ್ನೇ ಪಾಲಕಿಯಾಗಿ ನೇಮಿಸಿರೆಂದು ಅರ್ಜಿ ಹಿಡಿದು ಮೂವರೂ ಕಚೇರಿಗೆ ಹೋದೆವು.

"ಮಾತಾಡ್ತಾನಾ, ಯಜಮಾನ್ರೇ?" ಎಂದು ಅಧಿಕಾರಿಣಿ ಕೇಳಿದರು.

"ಸ್ವಂತ ಮಾತಿಲ್ಲ ತಾಯಿ. ದಿನಾ ಕಿವಿಗೆ ಬಿದ್ದದ್ದನ್ನ ಹಾಗೇ ಒಪ್ಪಿಸ್ತಾನೆ."

"ನಮ್ಮ ಗಿಣಿರಾಮ!" ಎಂದು ತಂಗಿ ಅವನ ಗಲ್ಲ ಹಿಂಡಿದಳು. ಅವನು ನಕ್ಕ.

ಅಧಿಕಾರಿಣಿ ಅವನತ್ತ ಬಾಗಿದರು. "ಅಪ್ಪ ಬೆಳಗ್ಗೆ ಎದ್ದು ಏನ್ಮಾಡ್ತಾರಪ್ಪಾ?"

"ಪೂಜೆ!"

"ದೇವರ ಹತ್ರ ಏನ್ ಕೇಳ್ತಾರೆ?"

"ಅದು ಬೇಡ ತಾಯೀ..." ಎನ್ನುತ್ತ ನಾನು ಎದ್ದು ನಿಂತೆ.

ಮಗ ಆಗಲೇ ಕಣ್ಣು ಮುಚ್ಚಿ, ನನ್ನಂತೆಯೇ ಕೈ ಮುಗಿದಿದ್ದ.

"ಸ್ವಾಮೀ, ನನಗಿಂತ ಒಂದು ದಿನ ಮೊದ್ಲು ಇವನನ್ನ ಕರ್ಕೊಂಡ್ಬಿಡಪ್ಪಾ."